ಪೊಟ್ಟಣ ಮಡಚುವುದು ಕೊನೆಯ ಐದು ನಿಮಿಷದ ಕೆಲಸ

ನಾನು ಮೊದಲ ಸಲ ಬೀಜ ಹಂಚಿದ್ದು ನಮ್ಮ ಮನೆಯ ಗೃಹಪ್ರವೇಶದ ದಿನ. ಹನ್ನೆರಡು ಕಾಗದದ ಪೊಟ್ಟಣ, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಬರೆದ ಟೊಮೆಟೊ ಚಿತ್ರ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಜುಲೈ ಹೊತ್ತಿಗೆ ದೊಡ್ಡಮ್ಮನ ಫೋನ್ ಬಂತು. "ಕವರ್ ಚಂದ ಇತ್ತು ಮಾರಾಯ್ತಿ. ಒಳಗೆ ಬರೀ ಬೂಷ್ಟು."

ಉಳಿದ ಹನ್ನೊಂದು ಮನೆಯವರು ಮರ್ಯಾದೆಗೆ ಏನೂ ಹೇಳಲಿಲ್ಲ ಅಷ್ಟೇ. ಮಡಚುವುದಕ್ಕೆ ಎರಡು ದಿನ ಕೂತಿದ್ದೆ. ಒಣಗಿಸುವುದಕ್ಕೆ ಒಂದೇ ಮಧ್ಯಾಹ್ನ ಕೊಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ.

ಬೀಜವನ್ನು ಸಾಮಾನು ಅಂತ ತಿಳಿದರೆ ಹೀಗೇ ಆಗುತ್ತದೆ. ಅದು ಜೀವ ಇರುವ ವಸ್ತು. ಒಳಗೊಂದು ಪುಟ್ಟ ಸಸಿ, ಅದಕ್ಕೆ ಬುತ್ತಿ, ಹೊರಗೊಂದು ಸಿಪ್ಪೆ. ಒಣಗಿದ ಮೇಲೂ ಅದು ಉಸಿರಾಡುತ್ತದೆ, ಆದರೆ ತುಂಬಾ ನಿಧಾನವಾಗಿ. ತೇವ ಜಾಸ್ತಿ ಇದ್ದರೆ ಉಸಿರಾಟವೂ ಜೋರು, ಬುತ್ತಿಯೂ ಬೇಗ ಖಾಲಿ. ಬಿತ್ತುವ ಹೊತ್ತಿಗೆ ಸಸಿಗೆ ಮೇಲೇಳುವ ಶಕ್ತಿಯೇ ಇರುವುದಿಲ್ಲ. ಅದರ ಮೇಲೆ ಬೂಷ್ಟಿನ ಕಾಟ ಬೇರೆ.

ಹ್ಯಾರಿಂಗ್ಟನ್ ಅನ್ನುವ ಅಮೆರಿಕದ ಬೀಜ ವಿಜ್ಞಾನಿಯೊಬ್ಬರು ಇದಕ್ಕೊಂದು ಅಂದಾಜು ಲೆಕ್ಕ ಕೊಟ್ಟಿದ್ದಾರೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಅದರ ಆಯಸ್ಸು ಎರಡು ಪಟ್ಟಾಗುತ್ತದೆ. ಸುತ್ತಲಿನ ಶಾಖ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅಷ್ಟೇ. ಹಾಗಾದರೆ 14 ಶೇಕಡಾ ತೇವದ ಬೀಜವನ್ನು 8ಕ್ಕೆ ಇಳಿಸಿದರೆ? ಎರಡನ್ನು ಆರು ಸಲ ಗುಣಿಸಿ: 64 ಪಟ್ಟು. ಎಲ್ಲ ಬೀಜಕ್ಕೂ ಇದು ಪಕ್ಕಾ ಅಲ್ಲ, ಅತಿ ಒಣಗಿದ ಬೀಜಕ್ಕೆ ಈ ಲೆಕ್ಕ ನಡೆಯುವುದೂ ಇಲ್ಲ. ಆದರೆ ನನ್ನ ಒಂದು ಮಧ್ಯಾಹ್ನದ ಬಿಸಿಲು ಯಾಕೆ ಸಾಲಲಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಒಣಗಿಸುವ ಮಾತಿಗೆ ಮುಂಚೆ ಇನ್ನೊಂದು ವಿಷಯ: ಯಾವ ಬೀಜ ಎತ್ತಿಡಬೇಕು?

ಅಂಗಡಿಯ ಪ್ಯಾಕೆಟ್ ಮೇಲೆ ಎಫ್1 ಅಥವಾ ಹೈಬ್ರಿಡ್ ಅಂತ ಇದ್ದರೆ ಅದರ ಬೀಜ ಹಂಚುವ ಆಸೆ ಬಿಡಿ. ಎರಡು ಬೇರೆ ಬೇರೆ ತಳಿ ಸೇರಿಸಿ ಮಾಡಿದ ಮೊದಲ ತಲೆಮಾರು ಅದು. ಅದರ ಬೀಜ ಹುಟ್ಟುತ್ತದೆ, ಗಿಡವೂ ಆಗುತ್ತದೆ. ಆದರೆ ಒಂದು ಅಜ್ಜನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ, ಮತ್ತೊಂದು ಯಾರ ಹಾಗೂ ಅಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ತಳಿ ತಗೊಳ್ಳಿ. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಪ್ರತಿ ಸಲ ಹೊಸ ಬೀಜವೇ ಬೇಕು. ಅರ್ಕಾ ಅನಾಮಿಕ ಬೆಂಡೆ ಹಾಗಲ್ಲ, ಬೇರೆ ಬೆಂಡೆಯ ಜೊತೆ ಬೆರೆಯದ ಹಾಗೆ ನೋಡಿಕೊಂಡರೆ ನಮ್ಮ ಹಿತ್ತಿಲಿನದ್ದೇ ಬೀಜ ಮುಂದಿನ ವರ್ಷಕ್ಕೆ ಆಗುತ್ತದೆ. ನಾಟಿ ತಳಿಗಳೂ ಹೀಗೇ.

ಬೆರಕೆ ಅಂದೆನಲ್ಲ, ಅದನ್ನೂ ನೋಡಬೇಕು. ಟೊಮೆಟೊ, ಹುರುಳಿಕಾಯಿ, ಅಲಸಂದೆಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೊಸಬರು ಇವುಗಳಿಂದಲೇ ಶುರು ಮಾಡುವುದು ಒಳ್ಳೆಯದು. ಬೆಂಡೆ, ಬದನೆ, ಮೆಣಸಿನಕಾಯಿ ಅರೆಬರೆ. ಬ್ಯಾಡಗಿ ಮೆಣಸಿನ ಪಕ್ಕದಲ್ಲೇ ದೊಣ್ಣೆಮೆಣಸು ಹಾಕಿದ್ದರೆ ಜೇನುನೊಣ ಎರಡನ್ನೂ ಬೆರೆಸಿಬಿಡಬಹುದು. ಸೋರೆ, ಹೀರೆ, ಹಾಗಲ, ಕುಂಬಳ, ಸೌತೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಹುಳವೊಂದು ಓಡಾಡಲೇಬೇಕು. ಆ ಹುಳ ಪಕ್ಕದ ಮನೆಯ ಬೇಲಿಯಿಂದ ಬಂದಿದ್ದೋ ಏನೋ ಯಾರಿಗೆ ಗೊತ್ತು?

ಹಾಗಂತ ಎಲ್ಲವೂ ಎಲ್ಲದರ ಜೊತೆ ಬೆರೆಯುವುದಿಲ್ಲ. ಸೋರೆಗೂ ಸಿಹಿಗುಂಬಳಕ್ಕೂ ಬೂದುಗುಂಬಳಕ್ಕೂ ಸಂಬಂಧ ಕೂಡುವುದಿಲ್ಲ, ಮೂರೂ ಬೇರೆ ಬೇರೆ ಜಾತಿ. ಉದ್ದ ಸೋರೆಗೂ ಗುಂಡು ಸೋರೆಗೂ ಕೂಡುತ್ತದೆ. ಇನ್ನೊಂದು ಗೊಂದಲ ತುಂಬಾ ಜನರಿಗೆ ಇದೆ. ಬೆರಕೆಯಾದರೂ ಈ ವರ್ಷದ ಕಾಯಿಯ ರುಚಿ, ಆಕಾರ ಬದಲಾಗುವುದಿಲ್ಲ. ಕಾಯಿಯ ತಿರುಳು ತಾಯಿ ಬಳ್ಳಿಯದ್ದೇ. ಬೆರಕೆ ಅಡಗಿರುವುದು ಒಳಗಿನ ಬೀಜದಲ್ಲಿ. ಅದು ಬಯಲಾಗುವುದು ಮುಂದಿನ ವರ್ಷ, ಅದೂ ನೀವು ಬೀಜ ಕೊಟ್ಟವರ ಮನೆಯಲ್ಲಿ.

ಇದಕ್ಕೆ ಸುಲಭದ ದಾರಿ, ಒಂದು ಹಂಗಾಮಿಗೆ ಒಂದೇ ಬಗೆಯ ಸೋರೆ ಹಾಕುವುದು. ಅಕ್ಕಪಕ್ಕದವರೂ ಸೋರೆ ಬೆಳೆಯುತ್ತಿದ್ದರೆ ಕೈಯಾರೆ ಪರಾಗ ಮುಟ್ಟಿಸಬೇಕು. ಸಿಹಿಗುಂಬಳದಲ್ಲಿ ಇದು ಸಲೀಸು, ಹೂವು ದೊಡ್ಡದು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಅದೇ ಗುರುತು. ನಾಳೆ ಅರಳುವ ಹಾಗಿರುವ ಮೊಗ್ಗು ಸಂಜೆಗೆ ಹಳದಿಗೆ ತಿರುಗಿರುತ್ತದೆ. ಒಂದು ಗಂಡು, ಒಂದು ಹೆಣ್ಣು ಮೊಗ್ಗಿನ ತುದಿಗೆ ಮೆತ್ತಗೆ ದಾರ ಕಟ್ಟಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಗಂಡು ಹೂವು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಸವರಿ, ಮತ್ತೆ ದಾರ ಕಟ್ಟಿಬಿಡಿ. ತೊಟ್ಟಿಗೆ ಒಂದು ಕೆಂಪು ದಾರ ಇರಲಿ. ಇಲ್ಲದಿದ್ದರೆ ಮನೆಯವರು ಅದನ್ನೇ ಕೊಯ್ದು ಹುಳಿ ಮಾಡಿಬಿಡುತ್ತಾರೆ.

ಸೋರೆ, ಸೌತೆಯ ಬೀಜ ಎತ್ತುವ ಮುಂಚೆ ತಿರುಳಿನ ಚೂರು ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ತಕ್ಷಣ ಉಗಿದು, ಕಾಯಿಯನ್ನು ಬೀಜದ ಸಮೇತ ಎಸೆಯಿರಿ. ಆ ಕಹಿ ಬರೀ ರುಚಿಯ ವಿಷಯ ಅಲ್ಲ, ವಿಷ. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲೇ ಜನ ಸತ್ತಿದ್ದಾರೆ. ಅಂಥ ಬೀಜವನ್ನು ಇನ್ನೊಬ್ಬರ ಕೈಗೆ ಕೊಡಬಾರದು. ರೋಗ ಬಂದ ಗಿಡದ ಬೀಜವೂ ಬೇಡ. ಅವರೆ ಜಾತಿಯ ಗಿಡಗಳ ಕೆಲವು ನಂಜು ರೋಗ, ಮೆಣಸಿನಕಾಯಿಯ ಚಿಬ್ಬು ರೋಗ ಬೀಜದ ಜೊತೆಗೇ ಪ್ರಯಾಣ ಮಾಡುತ್ತವೆ.

ಇನ್ನು ಬಲಿಯುವುದು. ಅಡುಗೆಗೆ ಎಳೆಯದು ಬೇಕು, ಬೀಜಕ್ಕೆ ಹಳತಾದದ್ದು ಬೇಕು. ಬೆಂಡೆ ಗಿಡದಲ್ಲೇ ಕಂದು ಬಣ್ಣಕ್ಕೆ ತಿರುಗಿ ಏಣು ಬಿರಿಯಬೇಕು. ಬದನೆ ನೇರಳೆ, ಹಸಿರು ಎಲ್ಲ ಕಳೆದುಕೊಂಡು ಹಳದಿಯಾಗಬೇಕು. ಸೌತೆಯನ್ನು ಹಣ್ಣಾದ ಮೇಲೆ ಕೊಯ್ದು ಇನ್ನೂ ಒಂದೆರಡು ವಾರ ಮೂಲೆಯಲ್ಲಿ ಇಟ್ಟರೆ ಒಳಗಿನ ಬೀಜ ಚೆನ್ನಾಗಿ ತುಂಬಿಕೊಳ್ಳುತ್ತದೆ. ಮೊದಲು ಬಿಟ್ಟ ಒಳ್ಳೆ ಕಾಯಿಗಳನ್ನೇ ಬೀಜಕ್ಕೆ ಬಿಡಿ. ನಾವು ಮಾಡುವುದು ಉಲ್ಟಾ. ಚೆನ್ನಾಗಿರುವುದನ್ನೆಲ್ಲ ತಿಂದು, ಕೊನೆಗೆ ಸೊಟ್ಟಗೆ ಉಳಿದಿದ್ದನ್ನು ಬೀಜಕ್ಕೆ ಬಿಡುತ್ತೇವೆ.

ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟ ಹೀರೆಕಾಯಿ. ಬಳ್ಳಿಯಲ್ಲೇ ಒಣಗಿ ಅದು ಕಾಗದದಷ್ಟು ಹಗುರ ಆಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಲಕಿ. ತುದಿಯಲ್ಲಿ, ಹೂವು ಇದ್ದ ಜಾಗದಲ್ಲಿ, ಒಂದು ಸಣ್ಣ ಮುಚ್ಚಳ ಇದೆ. ಹೆಬ್ಬೆರಳಲ್ಲಿ ಒತ್ತಿದರೆ ಟಪ್ ಅಂತ ಕಳಚುತ್ತದೆ. ಬೋರಲು ಮಾಡಿದರೆ ಕಪ್ಪು ಬೀಜಗಳು ಒಂದರ ಹಿಂದೆ ಒಂದು ತಟ್ಟೆಗೆ ಬೀಳುತ್ತವೆ. ಬೀಜಕ್ಕೆ ಅಂಟಿಲ್ಲ, ತೊಳೆಯುವುದಿಲ್ಲ. ಉಳಿದ ನಾರು ಮೈ ಉಜ್ಜುವುದಕ್ಕೆ.

ಟೊಮೆಟೊ ಇದರ ಉಲ್ಟಾ. ಪ್ರತಿ ಬೀಜದ ಸುತ್ತ ಲೋಳೆಯ ಚೀಲ ಇರುತ್ತದೆ. ಹಣ್ಣಿನೊಳಗೇ ಮೊಳಕೆ ಬರದ ಹಾಗೆ ತಡೆಯುವುದು ಆ ಲೋಳೆಯ ಕೆಲಸ. ಅದು ಹೋಗಬೇಕಾದರೆ ಹುಳಿ ಬರಬೇಕು. ಲೋಳೆ ಸಮೇತ ಬೀಜವನ್ನು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಹಾಕಿ, ಎರಡು ಮೂರು ದಿನ ಬಿಡಿ. ನಾರುತ್ತದೆ, ಅಡುಗೆಮನೆಯಿಂದ ದೂರ ಇಡಿ. ಮೇಲೆ ಬಿಳಿ ಕೆನೆ ಕಟ್ಟಿದಾಗ ನೀರು ತುಂಬಿಸಿ ಕಲಕಿದರೆ ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ತೇಲುತ್ತದೆ. ತೇಲಿದ್ದನ್ನು ಬಗ್ಗಿಸಿ ಚೆಲ್ಲಿ. ನಾಲ್ಕನೇ ದಿನಕ್ಕೆ ಬಿಟ್ಟರೆ ಲೋಟದಲ್ಲೇ ಮೊಳಕೆ ಒಡೆಯಲು ಶುರುವಾಗಬಹುದು.

ಈಗ ನಾನು ಸೋತ ಜಾಗಕ್ಕೆ ಬರೋಣ. ತೊಳೆದ ಬೀಜವನ್ನು ಸ್ಟೀಲ್ ತಟ್ಟೆಯಲ್ಲೋ ಪಿಂಗಾಣಿ ತಟ್ಟೆಯಲ್ಲೋ ಹರಡಿ. ಕಾಗದದ ಮೇಲೆ ಟೊಮೆಟೊ ಬೀಜ ಅಂಟಿಕೊಂಡು ಬಿಡುತ್ತದೆ. ಮೊದಲ ದಿನ ಎರಡು ಮೂರು ಸಲ ಬೆರಳಾಡಿಸಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಬೇಗ ಒಣಗಲಿ ಅಂತ ಏಪ್ರಿಲ್ ಮಧ್ಯಾಹ್ನದ ತಾರಸಿ ಮೇಲೆ ಇಡಬೇಡಿ. ಹಸಿ ಬೀಜಕ್ಕೆ 35 ಡಿಗ್ರಿ ದಾಟಿದ ಶಾಖ ಆಗುವುದಿಲ್ಲ. ತಗಡಿನ ಶೀಟು, ಸಿಮೆಂಟು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತವೆ. ಗಾಳಿ ಆಡುವ ನೆರಳು, ಬೇಕಿದ್ದರೆ ಬೆಳಗಿನ ಎಳೆ ಬಿಸಿಲು, ಫ್ಯಾನ್ ಗಾಳಿ. ಒಂದು ವಾರದಿಂದ ಹತ್ತು ದಿನ. ರಾತ್ರಿ ಒಳಗೆ ತರಬೇಕು, ಇಲ್ಲದಿದ್ದರೆ ಹಗಲು ಬಿಟ್ಟ ನೀರನ್ನು ಇಬ್ಬನಿಯಲ್ಲಿ ವಾಪಸ್ ಕುಡಿಯುತ್ತದೆ.

ಒಣಗಿದೆಯಾ ಅಂತ ಗೊತ್ತಾಗುವುದು ಹೇಗೆ? ಕುಂಬಳದ ಬೀಜ ಬಗ್ಗಿಸಿ. ಬಾಗಿದರೆ ಇನ್ನೂ ಆಗಿಲ್ಲ, ಪಟ್ ಅಂತ ಮುರಿದರೆ ಆಯಿತು. ಹುರುಳಿಕಾಯಿ ಬೀಜ ಕಚ್ಚಿ ನೋಡಿ, ಹಲ್ಲಿನ ಗುರುತು ಬೀಳಬಾರದು. ದೊಡ್ಡಮ್ಮ ಇಷ್ಟೆಲ್ಲ ಮಾಡುವುದಿಲ್ಲ. ಒಂದು ಹಿಡಿ ಬೀಜ ತಟ್ಟೆಗೆ ಮೇಲಿನಿಂದ ಸುರಿಯುತ್ತಾರೆ, ಸದ್ದು ಕೇಳುತ್ತಾರೆ. "ಇನ್ನೂ ಹಸಿ" ಅಂದರೆ ಹಸಿಯೇ. ನನ್ನ ಕಿವಿಗೆ ಅದು ಇನ್ನೂ ಸಿಕ್ಕಿಲ್ಲ, ಹಾಗಾಗಿ ಕಚ್ಚಿಯೇ ನೋಡುತ್ತೇನೆ. ಹಳೆಯ ಮನೆಗಳಲ್ಲಿ ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿಯುತ್ತಿದ್ದರು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು, ಒಣ ಸೋರೆ ಬುರುಡೆಯಲ್ಲಿ ತುಂಬಿಡುತ್ತಿದ್ದರು. ಒಂದೊಂದೂ ಮಳೆಗಾಲದ ತೇವವನ್ನೋ ಹುಳವನ್ನೋ ದೂರ ಇಡುವ ಉಪಾಯವೇ.

ಹುಳ ಅಂದಾಗ ಅವರೆ, ಅಲಸಂದೆಯ ವಿಷಯ ಹೇಳಲೇಬೇಕು. ಕಾಳಿಗೆ ತೂತು ಕೊರೆಯುವ ಹುಳ ಡಬ್ಬಿಯಲ್ಲಿ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಎಷ್ಟೋ ಸಲ ಅದು ತೋಟದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನ ಒಳಗೆ ಕೂತೇ ನಮ್ಮ ಮನೆಗೆ ಬರುತ್ತದೆ. ಪೊಟ್ಟಣದಲ್ಲಿ ಕೊಟ್ಟರೆ ಇನ್ನೊಬ್ಬರ ಮನೆಗೂ ಹೋಗುತ್ತದೆ. ಜರಡಿ ಹಿಡಿದ ಒಲೆಬೂದಿ ಬೆರೆಸಿಡುವುದು, ಹರಳೆಣ್ಣೆ ತೆಳ್ಳಗೆ ಸವರುವುದು ಹಳೆಯ ಪದ್ಧತಿ. ಫ್ರೀಜರ್ ಇದ್ದವರು ಪೂರ್ತಿ ಒಣಗಿದ ಕಾಳನ್ನು ಬಿಗಿ ಡಬ್ಬಿಯಲ್ಲಿ ಹಾಕಿ ಒಂದು ವಾರ ಅಲ್ಲಿಡಬಹುದು. ಒಣಗದ ಕಾಳು ಇಟ್ಟರೆ ಹುಳದ ಜೊತೆ ಬೀಜವೂ ಸಾಯುತ್ತದೆ.

ಇಷ್ಟಾದ ಮೇಲೆ ಪೊಟ್ಟಣ.

ಹಳೆ ನೋಟ್‌ಬುಕ್ಕಿನ ಹಾಳೆ ಸಾಕು. ಮಿರಮಿರ ಅನ್ನುವ ಮದುವೆ ಕಾಗದದ ಹಾಳೆ ಮಡಚಿದ ಕಡೆ ನಿಲ್ಲುವುದಿಲ್ಲ. ಮೈದಾ ಅಂಟು ಹಚ್ಚಿ ಕವರ್ ಮಾಡಿದ್ದೂ ಉಂಟು. ಜಿರಲೆಗೆ ಅದು ಹಬ್ಬದೂಟ. ಅದಕ್ಕೇ ನನಗೆ ಅಂಟಿಲ್ಲದ ಮಡಿಕೆ ಇಷ್ಟ.

ಹಾಳೆಯನ್ನು ಚೌಕಕ್ಕೆ ಕತ್ತರಿಸಿ, ಒಂದು ಬದಿ 15 ಸೆಂಟಿಮೀಟರ್ ಇರಲಿ. ಮೂಲೆಗೆ ಮೂಲೆ ಸೇರಿಸಿ ಮಡಚಿದರೆ ತ್ರಿಕೋನ ಆಯಿತು. ಮಡಿಕೆ ನಿಮ್ಮ ಕಡೆ, ಚೂಪು ತುದಿ ಮೇಲೆ. ಈಗ ಬಲಗಡೆಯ ಮೂಲೆ ಎತ್ತಿ ಎಡಗಡೆಯ ಓರೆ ಅಂಚಿಗೆ ತಾಗಿಸಿ. ಮಡಚಿದ ಭಾಗದ ಮೇಲಂಚು ಕೆಳಗಿನ ಮಡಿಕೆಗೆ ನೇರ ಸಮನಾಗಿರಬೇಕು, ಓರೆಯಾಗಿದ್ದರೆ ಸ್ವಲ್ಪ ಸರಿಸಿ. ಎಡಗಡೆಯ ಮೂಲೆಯನ್ನೂ ಹಾಗೇ ಬಲಕ್ಕೆ ತಂದು ಅದರ ಮೇಲೆ ಕೂರಿಸಿ. ಮೇಲೆ ಎರಡು ಪದರದ ತ್ರಿಕೋನ ಉಳಿಯುತ್ತದೆ. ಮುಂದಿನ ಪದರವನ್ನು ಈಗಷ್ಟೇ ಮಡಚಿದ ಮೂಲೆಯ ಜೇಬಿನೊಳಗೆ ತುರುಕಿ. ಬಾಯಿ ತೆರೆದ ಲೋಟದ ಹಾಗೆ ಕಾಣುತ್ತದೆ. ಬೀಜ ಹಾಕಿ, ಹಿಂದಿನ ಪದರವನ್ನೂ ಮುಂದಕ್ಕೆ ತಂದು ಅದೇ ಜೇಬಿಗೆ ಸೇರಿಸಿ. ಮುಗಿಯಿತು. ನಾಲ್ಕನೆಯ ಪೊಟ್ಟಣದ ಹೊತ್ತಿಗೆ ಕೈ ತಾನೇ ಮಾಡುತ್ತದೆ.

ಹರಿವೆ ಬೀಜ ಮಾತ್ರ ಇದಕ್ಕೂ ಬಗ್ಗುವುದಿಲ್ಲ. ಸಾಸಿವೆಗಿಂತ ಸಣ್ಣದು, ನುಣುಪು, ಮೂಲೆಯ ಸಂದಿಯಿಂದ ಜಾರುತ್ತದೆ. ಅದನ್ನು ಚಿಕ್ಕ ಕಾಗದದಲ್ಲಿ ಮಾತ್ರೆಯ ಪುಡಿ ಕಟ್ಟುವ ಹಾಗೆ ಕಟ್ಟಿ, ಆಮೇಲೆ ಪೊಟ್ಟಣದೊಳಗೆ ಹಾಕಿ.

ಬರೆಯುವುದನ್ನು ಬೀಜ ತುಂಬುವ ಮುಂಚೆ ಮುಗಿಸಿ, ತುಂಬಿದ ಮೇಲೆ ಬರೆದರೆ ಪೆನ್ನು ಕುಣಿಯುತ್ತದೆ. ಪೆನ್ಸಿಲ್ ಒಳ್ಳೆಯದು, ಒದ್ದೆ ಕೈ ತಾಗಿದರೂ ಅಳಿಸುವುದಿಲ್ಲ. "ಬೆಂಡೆ" ಅಂತ ಒಂದೇ ಪದ ಬರೆದರೆ ಮುಂದಿನ ವರ್ಷ ನಿಮಗೇ ಗೊತ್ತಾಗುವುದಿಲ್ಲ. ಹೆಸರು, ಯಾವ ಊರಿನದ್ದು, ಯಾರ ಮನೆಯಿಂದ ಬಂದದ್ದು, ಬೀಜ ತೆಗೆದ ತಿಂಗಳು ಮತ್ತು ವರ್ಷ, ಯಾವಾಗ ಬಿತ್ತಬೇಕು. ಹತ್ತಿರದಲ್ಲಿ ಅದೇ ಜಾತಿಯ ಬೇರೆ ತಳಿ ಇತ್ತಾ ಅನ್ನುವುದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ದೊಡ್ಡಮ್ಮ ಕೊಟ್ಟ ಒಂದು ಪೊಟ್ಟಣ ನನ್ನ ಹತ್ತಿರ ಇದೆ. ಯಾರದ್ದೋ ಏಳರ ಮಗ್ಗಿ ಇರುವ ಹಾಳೆ. ಮೇಲೆ ಅವರ ಅಕ್ಷರ: "ಬಿಳಿ ಹಾಗಲ. ಚಪ್ಪರ ಬೇಕು. ಮಂಗ ಮುಟ್ಟಲ್ಲ." ಮಲೆನಾಡಿನಲ್ಲಿ ಕೊನೆಯ ಎರಡು ಪದಕ್ಕಿರುವ ಬೆಲೆ ಯಾವ ಕಂಪನಿಯ ಪ್ಯಾಕೆಟ್ಟಿಗೂ ಗೊತ್ತಿಲ್ಲ.

ಕೊಡುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿ. ವಾರದಲ್ಲಿ ಎಂಟು ಮೊಳೆತರೆ ಪೊಟ್ಟಣದ ಮೇಲೆ "10ಕ್ಕೆ 8" ಅಂತ ಹಾಕಿ. ಮೆಣಸು, ಬದನೆಗೆ ಎರಡು ವಾರ ಕೊಡಿ, ಅವು ಸೋಮಾರಿ.

ಇನ್ನು ಕಾಗದದ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಬದಲು ಕಾಗದ ಯಾಕೆ ಅಂದರೆ, ಬೀಜದಲ್ಲಿ ಚೂರುಪಾರು ತೇವ ಉಳಿದಿದ್ದರೆ ಹೊರಗೆ ಹೋಗಲಿ ಅಂತ. ಆದರೆ ಹೊರಗೆ ಹೋಗುವ ದಾರಿಯೇ ಒಳಗೆ ಬರುವ ದಾರಿಯೂ ಹೌದು. ಜುಲೈ ತಿಂಗಳಲ್ಲಿ ಸಾಗರ, ಶಿರಸಿ ಕಡೆ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಕಪಾಟಿನಲ್ಲಿರುವ ಪೊಟ್ಟಣದ ಬೀಜಕ್ಕೂ ಅದೇ ಗತಿ. ಹಾಗಾಗಿ ಕಾಗದ ಕೈಯಿಂದ ಕೈಗೆ ದಾಟಿಸುವುದಕ್ಕೆ. ಮಳೆಗಾಲ ಕಳೆಯುವುದಕ್ಕೆ ಬೇಕಾದದ್ದು ಬಿಗಿ ಮುಚ್ಚಳದ ಗಾಜಿನ ಬಾಟಲಿ. ಪೊಟ್ಟಣಗಳನ್ನೆಲ್ಲ ಅದರೊಳಗೆ ನಿಲ್ಲಿಸಿ.

ತೇವ ಹೀರುವುದಕ್ಕೆ ಹುರಿದ ಅಕ್ಕಿ ಸಾಕು. ಬಾಣಲೆಯಲ್ಲಿ ಕೆಂಪಗಾಗುವ ತನಕ ಹುರಿದು, ಮುಚ್ಚಿದ ಪಾತ್ರೆಯಲ್ಲೇ ಆರಿಸಬೇಕು. ತೆರೆದಿಟ್ಟು ಆರಿಸಿದರೆ ಅಷ್ಟರಲ್ಲೇ ಗಾಳಿಯ ತೇವ ಕುಡಿದಿರುತ್ತದೆ. ಬಟ್ಟೆಯಲ್ಲಿ ಕಟ್ಟಿ ಬಾಟಲಿಯ ತಳಕ್ಕೆ ಹಾಕಿ. ಹೊಸ ಚೀಲ, ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆಯೂ ಆಗುತ್ತದೆ.

ಹ್ಯಾರಿಂಗ್ಟನ್ ಅವರದ್ದೇ ಇನ್ನೊಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶಾಖವನ್ನು ಫ್ಯಾರನ್‌ಹೀಟ್‌ನಲ್ಲಿ, ಗಾಳಿಯ ತೇವವನ್ನು ಶೇಕಡಾದಲ್ಲಿ ತಗೊಂಡು ಕೂಡಿಸಿ. ಮೊತ್ತ 100ಕ್ಕಿಂತ ಕೆಳಗಿದ್ದರೆ ಬೀಜ ಕ್ಷೇಮ. ಮಲೆನಾಡಿನ ಮಳೆಗಾಲದ ಒಂದು ದಿನ 24 ಡಿಗ್ರಿ ಸೆಲ್ಸಿಯಸ್ ಅಂದರೆ 75 ಫ್ಯಾರನ್‌ಹೀಟ್, ತೇವ 90. ಕೂಡಿಸಿದರೆ 165. ಫ್ರಿಜ್ಜಿನ 5 ಡಿಗ್ರಿ ಅಂದರೆ 41, ಬಾಟಲಿಯ ಒಳಗಿನ ಒಣ ಗಾಳಿ 30. ಕೂಡಿಸಿದರೆ 71. ಬಾಟಲಿ ಇಲ್ಲದೆ ಬರೀ ಪೊಟ್ಟಣವನ್ನು ಫ್ರಿಜ್ಜಿನಲ್ಲಿಟ್ಟರೆ ಈ ಲೆಕ್ಕ ನಡೆಯುವುದಿಲ್ಲ, ಕೊತ್ತಂಬರಿ ಸೊಪ್ಪಿನ ತೇವವೆಲ್ಲ ಅಲ್ಲೇ ಇರುತ್ತದಲ್ಲ. ಹೊರಗೆ ತೆಗೆದಾಗ ಬಾಟಲಿಯ ತಂಪು ಪೂರ್ತಿ ಬಿಟ್ಟು ಕೋಣೆಯ ಶಾಖಕ್ಕೆ ಬಂದ ಮೇಲೆ ಮುಚ್ಚಳ ತೆರೆಯಿರಿ, ಇಲ್ಲದಿದ್ದರೆ ಒಳಗೆಲ್ಲ ನೀರಿನ ಹನಿ.

ಫ್ರಿಜ್ ಇಲ್ಲದೆ ಬರೀ ತಂಪಾದ ಒಣ ಜಾಗದಲ್ಲಿಟ್ಟರೆ ಈರುಳ್ಳಿ ಬೀಜ ಸಾಮಾನ್ಯವಾಗಿ ಒಂದು ವರ್ಷದ ಮೇಲೆ ನಂಬುವ ಹಾಗಿಲ್ಲ. ಬೆಂಡೆ, ಮೆಣಸು ಎರಡು ವರ್ಷ. ಹುರುಳಿಕಾಯಿ ಮೂರು. ಟೊಮೆಟೊ, ಬದನೆ ನಾಲ್ಕರವರೆಗೂ ಬರುತ್ತವೆ.

ಹಂಚುವುದಕ್ಕೆ ಕಾನೂನಿನ ಅಡ್ಡಿ ಇದೆಯಾ ಅಂತ ಕೆಲವರು ಕೇಳುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಎತ್ತಿಡುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನೂ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ಶಿರಸಿ ಸುತ್ತಮುತ್ತಲ ಹೆಂಗಸರ ವನಸ್ತ್ರೀ ಕೂಟ ವರ್ಷಗಳಿಂದ ಹಿತ್ತಿಲ ಬೀಜಗಳನ್ನು ಹೀಗೆ ಉಳಿಸಿ ಹಂಚುತ್ತಾ ಬಂದಿದೆ. ಹೊರದೇಶದಲ್ಲಿರುವ ಮಕ್ಕಳಿಗೆ ಮಾತ್ರ ಸುಮ್ನೆ ಪೋಸ್ಟಿನಲ್ಲಿ ಹಾಕಬೇಡಿ. ಬೀಜ ಗಡಿ ದಾಟಬೇಕಾದರೆ ಸಾಮಾನ್ಯವಾಗಿ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಅಲ್ಲಿನವರು ತಡೆಹಿಡಿಯುತ್ತಾರೆ.

ಒಣಗಿಸಿ ಒಣಗಿಸಿ ಅಂತ ಇಷ್ಟು ಹೊತ್ತು ಹೇಳಿದೆ. ಇದಕ್ಕೆ ತದ್ವಿರುದ್ಧವಾದ ಬೀಜಗಳೂ ನಮ್ಮ ಹಿತ್ತಿಲಲ್ಲೇ ಇವೆ. ಹಲಸು, ಮಾವು, ನೇರಳೆ, ಮುರುಗಲು. ಇವು ಒಣಗಿದರೆ ಸಾಯುತ್ತವೆ. ಮಳೆ ಬೀಳುವ ಹೊತ್ತಿಗೇ ಹಣ್ಣು ಉದುರಿ, ಒದ್ದೆ ನೆಲದಲ್ಲಿ ತಕ್ಷಣ ಮೊಳೆಯುವ ಜಾತಿ ಅವು, ಕಾದು ಕೂರುವ ಅಭ್ಯಾಸವೇ ಇಲ್ಲ. ಕಳೆದ ಜೂನಿನಲ್ಲಿ ದೊಡ್ಡಮ್ಮನ ಮನೆಯ ರುದ್ರಾಕ್ಷಿ ಹಲಸಿನ ಬೀಜ ಬೇಕು ಅಂದೆ. ಪೊಟ್ಟಣ ಮಾಡಿ ತಗೊಂಡೂ ಹೋಗಿದ್ದೆ. ಅವರು ನಕ್ಕು ಅದನ್ನು ಪಕ್ಕಕ್ಕಿಟ್ಟರು. ಒದ್ದೆ ತೆಂಗಿನ ನಾರಿನಲ್ಲಿ ಐದು ಬೀಜ ಸುತ್ತಿ, ಬಾಳೆ ಎಲೆಯಲ್ಲಿ ಕಟ್ಟಿ ಕೈಗಿಟ್ಟರು. "ಬಸ್ಸು ಇಳಿದ ಕೂಡಲೇ ಮಣ್ಣಿಗೆ ಹಾಕು, ಕೈಕಾಲು ಆಮೇಲೆ ತೊಳಿ."